ದೊಡ್ಡವರಿಗೂ ಎಡಿಎಚ್‌ಡಿ: ಪತ್ತೆ ಹೇಗೆ, ಚಿಕಿತ್ಸೆ ಏನು?

ಮಲಯಾಳಂ ನಟ ಫಹಾದ್ ಫಾಸಿಲ್ ‘ಪುಷ್ಪ’ ಚಿತ್ರದ ಪೊಲೀಸ್ ಅಧಿಕಾರಿಯಾಗಿ ಕನ್ನಡಿಗರಿಗೂ ಪರಿಚಿತರು. 2024ರ ಮೇ ತಿಂಗಳಲ್ಲಿ ಕೇರಳದ ಕೋತಮಂಗಲದಲ್ಲಿ ಮಕ್ಕಳ ಕೇಂದ್ರವೊಂದರ ಸಮಾರಂಭಕ್ಕೆ ಹೋಗಿದ್ದ ಅವರು, ತಮಗೆ ಎಡಿಎಚ್‌ಡಿ (ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ) ಇರುವುದು 41ನೇ ವಯಸ್ಸಿನಲ್ಲಿ ಗೊತ್ತಾಯಿತು ಎಂದು ವೇದಿಕೆಯ ಮೇಲೆಯೇ ಹೇಳಿದರು. ಚಿಕ್ಕಂದಿನಲ್ಲಿ ಪತ್ತೆಯಾದರೆ ಸರಿಪಡಿಸಬಹುದು ಎಂದು ವೈದ್ಯರೊಬ್ಬರು ಹೇಳಿದಾಗ, 41ರಲ್ಲಿ ಪತ್ತೆಯಾದರೆ ಏನು ಗತಿ ಎಂದು ತಾವು ಕೇಳಿದ್ದನ್ನೂ ನೆನಪಿಸಿಕೊಂಡರು.

ಆ ಪ್ರಶ್ನೆ ಅವರೊಬ್ಬರದಲ್ಲ. ಬೇರೆ ಬೇರೆ ದೇಶಗಳ ಸಮೀಕ್ಷೆಗಳನ್ನು ಒಟ್ಟಿಗೆ ಇಟ್ಟು ನೋಡಿದ ವಿಶ್ಲೇಷಣೆಗಳ ಪ್ರಕಾರ ವಯಸ್ಕರಲ್ಲಿ ಶೇ 2.5ರ ಆಸುಪಾಸು ಮಂದಿಗೆ ಎಡಿಎಚ್‌ಡಿ ಇದೆ. ನೂರು ಜನರಿರುವ ಕಚೇರಿಯಲ್ಲಿ ಇಬ್ಬರೋ ಮೂವರೋ ಸಿಗುತ್ತಾರೆ ಎಂದಾಯಿತು. ಇವತ್ತು ನಲವತ್ತು ದಾಟಿದವರು ಶಾಲೆಯಲ್ಲಿದ್ದಾಗ ನಮ್ಮ ಊರುಗಳಲ್ಲಿ ಈ ಹೆಸರನ್ನು ಕೇಳಿದವರೇ ಇರಲಿಲ್ಲ. ‘ಬುದ್ಧಿ ಇದೆ, ಓದಲ್ಲ’, ‘ಕೂತಲ್ಲಿ ಕೂರಲ್ಲ’, ‘ಗಮನವೆಲ್ಲ ಕಿಟಕಿಯಾಚೆ’ ಎಂಬ ಮಾತು ಕೇಳಿಕೊಂಡೇ ಅವರು ಬೆಳೆದರು. ಕೆಲಸಕ್ಕೆ ಸೇರಿದ ಮೇಲೆ, ಮದುವೆಯಾದ ಮೇಲೆ ಅದೇ ಮಾತು ‘ಬೇಜವಾಬ್ದಾರಿ’ ಎಂದಾಯಿತು.

ಫಹಾದ್ ಕೇಳಿದ ಪ್ರಶ್ನೆಗೆ ಉತ್ತರ ಇಷ್ಟು: ಎಡಿಎಚ್‌ಡಿಯನ್ನು ಬುಡಸಮೇತ ತೆಗೆದುಹಾಕುವ ಔಷಧ ಮಕ್ಕಳಿಗೂ ಇಲ್ಲ, ದೊಡ್ಡವರಿಗೂ ಇಲ್ಲ. ಆದರೆ ಅದರ ಕಾಟವನ್ನು ಗಣನೀಯವಾಗಿ ತಗ್ಗಿಸುವ ಚಿಕಿತ್ಸೆ ಎಲ್ಲ ವಯಸ್ಸಿನವರಿಗೂ ಇದೆ. ಅಮೆರಿಕದಲ್ಲಿ 558 ಮಕ್ಕಳನ್ನು ಇಪ್ಪತ್ತೈದರ ಪ್ರಾಯದವರೆಗೆ ಹಿಂಬಾಲಿಸಿದ ಅಧ್ಯಯನವೊಂದರ ಫಲಿತಾಂಶ 2022ರಲ್ಲಿ ಬಂತು. ಪೂರ್ತಿ ಚೇತರಿಸಿಕೊಂಡು ಹಾಗೆಯೇ ಉಳಿದವರು ಶೇ 9ರಷ್ಟು ಮಾತ್ರ. ಸುಮಾರು ಶೇ 64 ಮಂದಿಯಲ್ಲಿ ತೊಂದರೆ ಕೆಲವು ವರ್ಷ ತಗ್ಗುತ್ತಿತ್ತು, ಮತ್ತೆ ಕೆಲವು ವರ್ಷ ಹೆಚ್ಚುತ್ತಿತ್ತು. ‘ದೊಡ್ಡವನಾದರೆ ತಾನೇ ಸರಿಹೋಗುತ್ತೆ’ ಎಂಬ ಸಮಾಧಾನ ಹೆಚ್ಚಿನವರ ವಿಷಯದಲ್ಲಿ ನಿಜವಾಗುವುದಿಲ್ಲ.

ದೊಡ್ಡವರಲ್ಲಿ ಹೇಗೆ ಕಾಣಿಸುತ್ತದೆ?

ತುಮಕೂರಿನ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕೆಲಸ ಮಾಡುವ ಮಹಿಳೆಯೊಬ್ಬರನ್ನು ಊಹಿಸಿಕೊಳ್ಳಿ. ಜಿಎಸ್‌ಟಿ ರಿಟರ್ನ್ ಸಲ್ಲಿಸಲು ತಿಂಗಳ 20 ಕೊನೆಯ ದಿನ. ಒಂದನೇ ತಾರೀಖಿನಿಂದಲೂ ಅವರು ಫೈಲ್ ತೆರೆಯುತ್ತಾರೆ, ಮುಚ್ಚುತ್ತಾರೆ. 19ರ ರಾತ್ರಿ ಕೂತವರು ಬೆಳಗಿನ ಜಾವ ಮೂರರ ಹೊತ್ತಿಗೆ ಒಂದೂ ತಪ್ಪಿಲ್ಲದಂತೆ ಮುಗಿಸುತ್ತಾರೆ. ಮೇಲಧಿಕಾರಿಗೆ ಕಾಣುವುದು ಅಷ್ಟೇ. ಮನೆಯಲ್ಲಿ ಮಾತ್ರ ಹಾಲು ವಾರಕ್ಕೆರಡು ಸಲ ಉಕ್ಕುತ್ತದೆ, ಖಾತೆಯಲ್ಲಿ ಹಣವಿದ್ದೂ ಕರೆಂಟ್ ಬಿಲ್‌ಗೆ ದಂಡ ಬೀಳುತ್ತದೆ. ಅಮ್ಮ ಫೋನಿನಲ್ಲಿ ಮಾತಾಡುತ್ತಿರುವಾಗಲೇ ಅವರ ಮನಸ್ಸು ಬೇರೆಲ್ಲೋ ಹೋಗಿ, ಕೊನೆಗೆ ‘ಏನಂದೆ ಅಮ್ಮಾ?’ ಎನ್ನಬೇಕಾಗುತ್ತದೆ. ಇಷ್ಟವಾದ ಕೆಲಸಕ್ಕೆ ಕೂತರೆ ಊಟದ ನೆನಪೂ ಇರುವುದಿಲ್ಲ. ‘ಅದಕ್ಕೆ ಮನಸ್ಸು ಕೊಡೋಕೆ ಆಗುತ್ತೆ, ಇದಕ್ಕೆ ಯಾಕೆ ಆಗಲ್ಲ?’ ಎಂದು ಮನೆಯವರು ಕೇಳುವುದು ಇಲ್ಲಿಯೇ.

ಆ ಪ್ರಶ್ನೆಗೆ ವೈದ್ಯಶಾಸ್ತ್ರದಲ್ಲಿ ಉತ್ತರವಿದೆ. ಎಡಿಎಚ್‌ಡಿ ಇರುವವರಲ್ಲಿ ಗಮನ ಇಲ್ಲವೇ ಇಲ್ಲ ಎಂದಲ್ಲ. ಅದನ್ನು ಬೇಕಾದ ಕಡೆ ತಿರುಗಿಸುವ, ಬೇಡದ ಕಡೆಯಿಂದ ಎಳೆದು ತರುವ ಹಿಡಿತ ಸಡಿಲ. ಆಸಕ್ತಿ ಹುಟ್ಟಿಸುವ ಕೆಲಸಕ್ಕೂ ತಲೆಯ ಮೇಲೆ ಬಂದು ಕೂತ ಗಡುವಿಗೂ ಮಿದುಳು ಓಗೊಡುತ್ತದೆ. ಮುಖ್ಯವಾದದ್ದು ಎಂಬ ತಿಳಿವಳಿಕೆಯೊಂದೇ ಅದನ್ನು ಎಬ್ಬಿಸಲು ಸಾಲುವುದಿಲ್ಲ. ಡೋಪಮಿನ್ ಮತ್ತು ನಾರ್‌ಅಡ್ರಿನಲಿನ್ ಎಂಬ ನರವಾಹಕಗಳ ವ್ಯವಸ್ಥೆಗೂ ಇದಕ್ಕೂ ನಂಟಿದೆ. ಬಳಕೆಯಲ್ಲಿರುವ ಮುಖ್ಯ ಔಷಧಗಳು ಕೆಲಸ ಮಾಡುವುದೂ ಅಲ್ಲಿಯೇ.

ಬಾಲ್ಯದ ಓಡಾಟ, ನೆಗೆತ ದೊಡ್ಡವರಲ್ಲಿ ಹೊರಗೆ ಕಾಣುವುದು ಕಡಿಮೆ. ಅದು ಒಳಗಿನ ಚಡಪಡಿಕೆಯಾಗಿ ಉಳಿಯುತ್ತದೆ: ಮೀಟಿಂಗ್‌ನಲ್ಲಿ ಕಾಲು ಕುಣಿಸುವುದು, ಎದುರಿನವರ ಮಾತು ಮುಗಿಯುವ ಮೊದಲೇ ಉತ್ತರ ಕೊಡುವುದು, ಯೋಚಿಸದೆ ಖರೀದಿಸುವುದು, ತಟ್ಟನೆ ಕೆಲಸ ಬಿಡುವುದು. ಹುಡುಗಿಯರಲ್ಲಿ ಗಲಾಟೆಗಿಂತ ಅನ್ಯಮನಸ್ಕತೆಯೇ ಹೆಚ್ಚಾಗಿ ಕಾಣಿಸುವುದರಿಂದ ತರಗತಿಯಲ್ಲಿ ಅವರು ಯಾರ ಕಣ್ಣಿಗೂ ಬೀಳುವುದಿಲ್ಲ. ಮಕ್ಕಳಲ್ಲಿ ಪತ್ತೆಯಾಗುವವರಲ್ಲಿ ಹುಡುಗರೇ ಬಹುಪಾಲು, ದೊಡ್ಡವರಲ್ಲಿ ಆ ಅಂತರ ಕಿರಿದಾಗುವುದಕ್ಕೆ ಇದೂ ಒಂದು ಕಾರಣ. ಎಷ್ಟೋ ಹೆಣ್ಣುಮಕ್ಕಳು ಆತಂಕಕ್ಕೋ ಖಿನ್ನತೆಗೋ ವರ್ಷಗಟ್ಟಲೆ ಮಾತ್ರೆ ನುಂಗಿದ ಮೇಲೆ ಈ ನಿರ್ಣಯಕ್ಕೆ ಬಂದು ತಲುಪುತ್ತಾರೆ. ಹೀಗಾಗಬಾರದು.

ಇನ್ನು ಕೆಲವರಿಗೆ ಸುಳಿವು ಸಿಗುವುದು ಮಗುವಿನ ಮೂಲಕ. ಶಾಲೆಯವರು ಹೇಳಿದರೆಂದು ಮಗನನ್ನು ವೈದ್ಯರ ಹತ್ತಿರ ಕರೆದೊಯ್ದ ತಂದೆ, ಅಲ್ಲಿ ಕೇಳುವ ಪ್ರಶ್ನೆಗಳಿಗೆಲ್ಲ ತಾನೂ ಹೌದೆನ್ನಬೇಕಾದೀತು ಎಂದು ಅರಿತು ತಬ್ಬಿಬ್ಬಾಗುತ್ತಾನೆ. ಇದರಲ್ಲಿ ಆಶ್ಚರ್ಯವಿಲ್ಲ. ಅವಳಿಗಳ ಅಧ್ಯಯನಗಳು ಎಡಿಎಚ್‌ಡಿಯ ಆನುವಂಶಿಕತೆಯನ್ನು ಶೇ 74ರ ಆಸುಪಾಸು ಎಂದು ಅಂದಾಜಿಸಿವೆ.

ಹುಡುಕಬೇಕಾದ್ದು ಬಾಲ್ಯದ ಎಳೆಯನ್ನು

ರಕ್ತಪರೀಕ್ಷೆಯಿಂದ ಎಡಿಎಚ್‌ಡಿ ಗೊತ್ತಾಗುವುದಿಲ್ಲ. ಎಂಆರ್‌ಐ, ಇಇಜಿಗಳಿಂದಲೂ ಇಲ್ಲ. ಕಂಪ್ಯೂಟರ್ ಮುಂದೆ ಕೂರಿಸಿ ಮಾಡುವ ಗಮನದ ಪರೀಕ್ಷೆ ಪೂರಕ ಮಾಹಿತಿ ಕೊಟ್ಟೀತು, ತೀರ್ಪು ಕೊಡಲಾರದು. ಮಿದುಳಿನ ಸ್ಕ್ಯಾನ್‌ನಿಂದಲೇ ಎಡಿಎಚ್‌ಡಿ ಖಚಿತಪಡಿಸುತ್ತೇವೆ ಎಂದು ಯಾರಾದರೂ ಹಣ ಕೇಳಿದರೆ ಅಲ್ಲಿಂದ ಎದ್ದು ಬರುವುದೇ ಸರಿ. ಇದು ಮನೋವೈದ್ಯರು ವ್ಯಕ್ತಿಯ ಬದುಕಿನ ಕಥೆಯನ್ನು ತಾಳ್ಮೆಯಿಂದ ಕೇಳಿ ಮಾಡುವ ನಿರ್ಣಯ.

ಕೇಳುವುದಕ್ಕೂ ಒಂದು ಚೌಕಟ್ಟಿದೆ. 2013ರಲ್ಲಿ ಬಂದ ಡಿಎಸ್‌ಎಂ-5 ಎಂಬ ಅಮೆರಿಕದ ಕೈಪಿಡಿ ಗಮನದ ಕೊರತೆಯ 9 ಲಕ್ಷಣಗಳನ್ನೂ ಅತಿಚಟುವಟಿಕೆ ಮತ್ತು ದುಡುಕಿನ 9 ಲಕ್ಷಣಗಳನ್ನೂ ಪಟ್ಟಿ ಮಾಡುತ್ತದೆ. 17 ವರ್ಷ ದಾಟಿದವರಲ್ಲಿ ಯಾವುದಾದರೂ ಒಂದು ಗುಂಪಿನ ಕನಿಷ್ಠ 5 ಲಕ್ಷಣಗಳು ಆರು ತಿಂಗಳಿಂದಲಾದರೂ ಇರಬೇಕು. ಮನೆ, ಕೆಲಸ ಹೀಗೆ ಎರಡು ಕಡೆಯಾದರೂ ತೊಂದರೆ ಕೊಟ್ಟಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕೆಲವು ಲಕ್ಷಣಗಳಾದರೂ 12 ವರ್ಷಕ್ಕೆ ಮೊದಲೇ ಕಾಣಿಸಿಕೊಂಡಿರಬೇಕು. ಹಿಂದಿನ ಆವೃತ್ತಿಯಲ್ಲಿ ಈ ಗಡಿ 7 ವರ್ಷವಿತ್ತು. ನಲವತ್ತು ವರ್ಷದವರಿಗೆ ಒಂದನೇ ತರಗತಿಯ ನೆನಪು ಎಲ್ಲಿರುತ್ತದೆ? ಗಡಿಯನ್ನು ಸಡಿಲಿಸಿದ್ದು ಒಳ್ಳೆಯದೇ ಆಯಿತು.

ಬಾಲ್ಯದ ಈ ಷರತ್ತಿನ ಮೇಲೆ ಇಷ್ಟು ಒತ್ತು ಯಾಕೆ? ನ್ಯೂಜಿಲೆಂಡಿನ ಡ್ಯುನೆಡಿನ್ ನಗರದಲ್ಲಿ 1972–73ರಲ್ಲಿ ಹುಟ್ಟಿದ 1,037 ಮಂದಿಯನ್ನು ಹುಟ್ಟಿನಿಂದ ಹಿಂಬಾಲಿಸಿದ ಅಧ್ಯಯನವೊಂದಿದೆ. ಅವರು 38 ವರ್ಷದವರಾದಾಗ ಶೇ 3ರಷ್ಟು ಜನರಲ್ಲಿ ಎಡಿಎಚ್‌ಡಿ ಲಕ್ಷಣಗಳು ಕಂಡವು. ಹಳೆಯ ದಾಖಲೆ ತೆಗೆದು ನೋಡಿದರೆ ಅವರಲ್ಲಿ ಶೇ 90 ಮಂದಿಗೆ ಬಾಲ್ಯದಲ್ಲಿ ಎಡಿಎಚ್‌ಡಿ ಇರಲೇ ಇಲ್ಲ. 2015ರಲ್ಲಿ ಇದು ಪ್ರಕಟವಾದಾಗ ದೊಡ್ಡ ಚರ್ಚೆಯೇ ಎದ್ದಿತು: ದೊಡ್ಡವರಾದ ಮೇಲೆ ಹೊಸದಾಗಿ ಶುರುವಾಗುವ ಎಡಿಎಚ್‌ಡಿಯೂ ಉಂಟೇ? ಮೂರು ವರ್ಷದ ನಂತರ ಅಮೆರಿಕದ ಸಂಶೋಧಕರು ಇಂಥದ್ದೇ ಇನ್ನೊಂದು ಗುಂಪನ್ನು ಪರಿಶೀಲಿಸಿದರು. ಲಕ್ಷಣಗಳ ಪಟ್ಟಿಗೆ ಮಾತ್ರ ಜೋತು ಬೀಳದೆ ಪ್ರತಿಯೊಬ್ಬರ ಪೂರ್ಣ ಚರಿತ್ರೆಯನ್ನು ಕೆದಕಿದಾಗ, ತಡವಾಗಿ ಶುರುವಾದಂತೆ ಕಂಡ ಪ್ರಕರಣಗಳಲ್ಲಿ ಸುಮಾರು ಶೇ 95 ಬಿದ್ದುಹೋದವು. ಮಾದಕ ವಸ್ತು, ಮದ್ಯ, ಬೇರೆ ಮಾನಸಿಕ ತೊಂದರೆಗಳು ಎಡಿಎಚ್‌ಡಿಯಂತೆ ಕಾಣಿಸಿಕೊಂಡಿದ್ದವು.

ಮೊಬೈಲಿನಲ್ಲಿ ಒಂದು ನಿಮಿಷದ ವಿಡಿಯೊ ನೋಡಿ ‘ಇದು ನನ್ನದೇ ಕಥೆ’ ಎಂದುಕೊಳ್ಳುವವರು ಈ ಅಧ್ಯಯನಗಳನ್ನು ಗಮನಿಸಬೇಕು. 2022ರಲ್ಲಿ ಕೆನಡಾದ ಸಂಶೋಧಕರು ಟಿಕ್‌ಟಾಕ್‌ನಲ್ಲಿ ಹೆಚ್ಚು ಜನ ನೋಡಿದ 100 ಎಡಿಎಚ್‌ಡಿ ವಿಡಿಯೊಗಳನ್ನು ಪರಿಶೀಲಿಸಿದಾಗ 52 ದಾರಿ ತಪ್ಪಿಸುವಂಥವಾಗಿದ್ದವು. ಹಾಗೆಂದು ವಿಡಿಯೊ ನೋಡಿ ಅನುಮಾನ ಹುಟ್ಟಿಸಿಕೊಂಡು ಬಂದವರನ್ನು ವೈದ್ಯರು ತಳ್ಳಿಹಾಕುವುದೂ ತಪ್ಪು. ಅನುಮಾನ ಎಲ್ಲಿಂದ ಬಂದರೂ ಪರೀಕ್ಷೆಗೆ ಅರ್ಹವೇ.

ಮೊದಲ ಭೇಟಿಯಲ್ಲಿ

ಸಾಮಾನ್ಯವಾಗಿ ಶುರುವಾಗುವುದು ಎಎಸ್‌ಆರ್‌ಎಸ್ ಎಂಬ ಪ್ರಶ್ನಾವಳಿಯಿಂದ. ವಿಶ್ವ ಆರೋಗ್ಯ ಸಂಸ್ಥೆಯ ಜೊತೆಗೂಡಿ ರೂಪಿಸಿದ ಇದರಲ್ಲಿ 18 ಪ್ರಶ್ನೆಗಳಿವೆ, ಮೊದಲ 6 ಮುಖ್ಯವಾದವು. ಕೆಲಸದ ಕಠಿಣ ಭಾಗ ಮುಗಿದ ಮೇಲೆ ಚಿಲ್ಲರೆ ವಿವರಗಳನ್ನು ಮುಗಿಸುವುದು ಕಷ್ಟವೇ, ಹೋಗಬೇಕಾದ ಭೇಟಿಗಳನ್ನು ಮರೆಯುತ್ತೀರಾ, ತುಂಬ ಯೋಚಿಸಬೇಕಾದ ಕೆಲಸವನ್ನು ಮುಂದೂಡುತ್ತೀರಾ ಎಂಬ ಧಾಟಿಯವು. ‘ಎಂದೂ ಇಲ್ಲ’ದಿಂದ ‘ಬಹಳ ಸಲ’ದವರೆಗೆ ಐದು ಉತ್ತರಗಳಲ್ಲಿ ಒಂದನ್ನು ಗುರುತಿಸಬೇಕು. ಆರರಲ್ಲಿ ನಾಲ್ಕಕ್ಕೆ ನಿಗದಿತ ಮಟ್ಟ ದಾಟಿದರೆ ಮುಂದಿನ ವಿಚಾರಣೆ ಬೇಕು ಎಂದಷ್ಟೇ ಅರ್ಥ. ಮನೆಯಲ್ಲೇ ಇದನ್ನು ತುಂಬಿ ನಾಲ್ಕು ಬಂತೆಂದು ಎಡಿಎಚ್‌ಡಿ ಇದೆ ಎಂದುಕೊಳ್ಳುವಂತಿಲ್ಲ.

ನಿಜವಾದ ಕೆಲಸ ಆಮೇಲಿನ ಸಂದರ್ಶನದ್ದು. ಅದಕ್ಕೆ ಗಂಟೆಗೂ ಹೆಚ್ಚು ಹಿಡಿಯಬಹುದು, ಎರಡು ಮೂರು ಭೇಟಿಯೂ ಆಗಬಹುದು. ಶಾಲೆಯಲ್ಲಿ ಹೋಮ್‌ವರ್ಕ್ ಮುಗಿಸಿಕೊಡುತ್ತಿದ್ದವರು ಯಾರು? ಪೆನ್ಸಿಲ್, ಛತ್ರಿ, ಟಿಫನ್ ಬಾಕ್ಸ್ ಎಷ್ಟು ಕಳೆಯುತ್ತಿದ್ದಿರಿ? ಎಸ್ಸೆಸ್ಸೆಲ್ಸಿವರೆಗೆ ಚೆನ್ನಾಗಿದ್ದು ಪಿಯುಸಿಯಲ್ಲೋ ಹಾಸ್ಟೆಲ್ ಸೇರಿದ ಮೇಲೋ ಕುಸಿದಿರಾ? ಈ ಕೊನೆಯ ಪ್ರಶ್ನೆಗೆ ತೂಕವಿದೆ. ಪಕ್ಕದಲ್ಲಿ ಕೂತು ಓದಿಸುವ ತಾಯಿ, ಗಂಟೆಗೊಮ್ಮೆ ಎಚ್ಚರಿಸುವ ಮೇಷ್ಟ್ರು ಇರುವಷ್ಟು ಕಾಲ ಬುದ್ಧಿವಂತ ಮಗುವಿನ ಎಡಿಎಚ್‌ಡಿ ಮುಚ್ಚಿಯೇ ಇರುತ್ತದೆ. ಆ ಆಸರೆ ತಪ್ಪಿದಾಗ ಮೇಲೆ ಬರುತ್ತದೆ.

ಆದ್ದರಿಂದ ಭೇಟಿಗೆ ಹೋಗುವಾಗ ಹಳೆಯ ಪ್ರಗತಿ ಪತ್ರಗಳಿದ್ದರೆ ಒಯ್ಯಿರಿ. ಅಂಕಗಳಿಗಿಂತ ಕೆಳಗೆ ಮೇಷ್ಟ್ರು ಬರೆದ ಷರಾ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಬಾಲ್ಯ ಕಂಡ ತಾಯಿ, ಅಣ್ಣ, ಅಕ್ಕ ಯಾರಾದರೂ ಜೊತೆಗಿದ್ದರೆ ಇನ್ನೂ ಒಳ್ಳೆಯದು. ಬರಲಾಗದಿದ್ದರೆ ಫೋನಿನಲ್ಲಾದರೂ ಮಾತಾಡಲಿ. ಗಂಡ ಅಥವಾ ಹೆಂಡತಿಗೆ ಈಗಿನ ಬದುಕು ಗೊತ್ತು, ಹತ್ತನೇ ವಯಸ್ಸಿನದು ಗೊತ್ತಿರುವುದಿಲ್ಲ.

ಎಡಿಎಚ್‌ಡಿಯಂತೆ ಕಾಣುವ ಬೇರೆ ತೊಂದರೆಗಳನ್ನೂ ವೈದ್ಯರು ನೋಡಬೇಕು. ಥೈರಾಯ್ಡ್ ಏರುಪೇರು, ರಕ್ತಹೀನತೆ, ಗೊರಕೆಯೊಂದಿಗೆ ಉಸಿರು ಕಟ್ಟುವ ನಿದ್ರೆಯ ತೊಂದರೆ, ರಾತ್ರಿಪಾಳಿಯ ನಿದ್ದೆಗೇಡು, ಮುಟ್ಟು ನಿಲ್ಲುವ ಹೊತ್ತಿನ ಮಂಪರು ಇವೆಲ್ಲ ಗಮನವನ್ನು ಕೆಡಿಸುತ್ತವೆ. ಖಿನ್ನತೆ, ಆತಂಕ, ಬೈಪೋಲಾರ್ ತೊಂದರೆಗಳೂ ಅಷ್ಟೇ. ವ್ಯತ್ಯಾಸ ತಿಳಿಯಲು ಮತ್ತೆ ಬಾಲ್ಯದ ಆ ಎಳೆಯನ್ನೇ ಹಿಡಿಯಬೇಕು. ಮೂರು ವರ್ಷದ ಹಿಂದಿನವರೆಗೆ ಎಲ್ಲ ಸರಿಯಿತ್ತು ಎಂದಾದರೆ ಕಾರಣ ಬೇರೆಯೇ ಇರುವ ಸಂಭವ ಹೆಚ್ಚು. ಆದರೆ ಎಡಿಎಚ್‌ಡಿ ಇರುವವರಲ್ಲಿ ಖಿನ್ನತೆ, ಆತಂಕ ಜೊತೆಜೊತೆಗೇ ಇರುವುದು ತೀರಾ ಸಾಮಾನ್ಯ. ಒಂದು ಸಿಕ್ಕಿತೆಂದು ಇನ್ನೊಂದನ್ನು ಕೈಬಿಡುವಂತಿಲ್ಲ.

ಮಾತ್ರೆಗಳು

1944ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ರಸಾಯನ ವಿಜ್ಞಾನಿ ಲಿಯಾಂಡ್ರೊ ಪನಿಜೋನ್ ಮೀಥೈಲ್‌ಫೆನಿಡೇಟ್ ಎಂಬ ವಸ್ತುವನ್ನು ತಯಾರಿಸಿದರು. ಹೆಂಡತಿ ಮಾರ್ಗರೀಟಾ ಅವರ ಅಡ್ಡಹೆಸರು ರೀಟಾ. ಅದರಿಂದಲೇ ರಿಟಾಲಿನ್ ಎಂಬ ಹೆಸರು ಬಂತು. ಎಂಬತ್ತು ವರ್ಷವಾದರೂ ಭಾರತದಲ್ಲಿ ವಯಸ್ಕರ ಎಡಿಎಚ್‌ಡಿಗೆ ಹೆಚ್ಚಾಗಿ ಬರೆಯುವ ಔಷಧಗಳಲ್ಲಿ ಅದು ಮುಖ್ಯವಾದದ್ದು. ಇನ್ನೊಂದು ಅಟೊಮಾಕ್ಸೆಟಿನ್.

ಮೀಥೈಲ್‌ಫೆನಿಡೇಟ್ ನುಂಗಿದ ಗಂಟೆಯೊಳಗೆ ಪರಿಣಾಮ ತೋರುತ್ತದೆ. ಸಾಮಾನ್ಯ ಮಾತ್ರೆ ನಾಲ್ಕು ಗಂಟೆಯಷ್ಟು, ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ ಎಂಟರಿಂದ ಹನ್ನೆರಡು ಗಂಟೆ ಕೆಲಸ ಮಾಡುತ್ತದೆ. ಹಸಿವು ತಗ್ಗುವುದು, ನಿದ್ದೆ ದೂರವಾಗುವುದು, ತಲೆನೋವು, ಎದೆಬಡಿತ ಮತ್ತು ರಕ್ತದೊತ್ತಡ ತುಸು ಏರುವುದು ಇದರ ಅಡ್ಡಪರಿಣಾಮಗಳು. ಅದಕ್ಕೇ ಶುರುಮಾಡುವ ಮೊದಲು ತೂಕ, ನಾಡಿ, ಬಿಪಿ ನೋಡಲೇಬೇಕು. ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹೃದಯದ ತೊಂದರೆಯಿಂದ ಸತ್ತವರಿದ್ದರೆ, ಓಡಿದಾಗ ತಲೆಸುತ್ತಿ ಬಿದ್ದದ್ದಿದ್ದರೆ ಮುಚ್ಚಿಡದೆ ಹೇಳಬೇಕು. ಆಗ ಇಸಿಜಿ ಅಥವಾ ಹೃದ್ರೋಗ ತಜ್ಞರ ಅಭಿಪ್ರಾಯ ಬೇಕಾಗುತ್ತದೆ. ಕಡಿಮೆ ಪ್ರಮಾಣದಿಂದ ಶುರುಮಾಡಿ ವಾರವಾರ ನೋಡಿಕೊಂಡು ಏರಿಸುವುದು ಕ್ರಮ. ಎಲ್ಲರಿಗೂ ಒಂದೇ ಡೋಸ್ ಇಲ್ಲ.

ಅಟೊಮಾಕ್ಸೆಟಿನ್ ಮೀಥೈಲ್‌ಫೆನಿಡೇಟ್‌ನಂತೆ ಉತ್ತೇಜಕ ಗುಂಪಿನದ್ದಲ್ಲ, ಚಟದ ಭಯವಿಲ್ಲ. ಹಾಗಾಗಿ ಕುಡಿತ ಅಥವಾ ಮಾದಕ ವಸ್ತುವಿನ ಹಿನ್ನೆಲೆಯಿದ್ದವರಿಗೆ ವೈದ್ಯರು ಇದರತ್ತ ವಾಲುತ್ತಾರೆ. ಆದರೆ ಇದಕ್ಕೆ ತಾಳ್ಮೆ ಬೇಕು. ಪೂರ್ಣ ಪರಿಣಾಮಕ್ಕೆ ಕೆಲವು ವಾರಗಳೇ ಹಿಡಿಯುತ್ತವೆ. ಮೊದಲ ದಿನಗಳ ವಾಕರಿಕೆ, ಬಾಯಿ ಒಣಗುವಿಕೆಗೆ ಬೇಸತ್ತು ಹತ್ತೇ ದಿನಕ್ಕೆ ಬಿಟ್ಟುಬಿಟ್ಟರೆ ಅದು ಕೆಲಸ ಮಾಡುತ್ತಿತ್ತೋ ಇಲ್ಲವೋ ತಿಳಿಯುವುದೇ ಇಲ್ಲ. ಖಿನ್ನತೆಗೆ ಕೊಡುವ ಫ್ಲೂಕ್ಸೆಟಿನ್, ಪ್ಯಾರಾಕ್ಸೆಟಿನ್‌ಗಳು ರಕ್ತದಲ್ಲಿ ಇದರ ಮಟ್ಟ ಏರಿಸುತ್ತವೆ. ನುಂಗುತ್ತಿರುವ ಎಲ್ಲ ಮಾತ್ರೆಗಳ ಹೆಸರನ್ನೂ ಹೇಳಬೇಕಾದ್ದು ಇದಕ್ಕೇ. ಗರ್ಭ ಧರಿಸುವ ಯೋಚನೆಯಿರುವವರು ಯಾವ ಮಾತ್ರೆಯ ವಿಷಯದಲ್ಲೂ ಮೊದಲೇ ವೈದ್ಯರ ಹತ್ತಿರ ಮಾತಾಡಬೇಕು.

ಚೀಟಿ ಕೈಗೆ ಬಂದ ಮೇಲೂ ಮೀಥೈಲ್‌ಫೆನಿಡೇಟ್‌ಗಾಗಿ ಅಂಗಡಿ ಅಂಗಡಿ ಅಲೆಯಬೇಕಾದೀತು. ಔಷಧ ನಿಯಮಗಳ ‘ಷೆಡ್ಯೂಲ್ ಎಕ್ಸ್’ ಪಟ್ಟಿಯಲ್ಲಿ ಅದು ಇದೆ. ಆ ಪಟ್ಟಿಯ ಔಷಧ ಮಾರಲು ಪ್ರತ್ಯೇಕ ಲೈಸೆನ್ಸ್ ಬೇಕು, ಬೀಗ ಹಾಕಿ ಇಡಬೇಕು, ವೈದ್ಯರು ಎರಡು ಪ್ರತಿಯಲ್ಲಿ ಚೀಟಿ ಬರೆಯಬೇಕು, ಒಂದು ಪ್ರತಿಯನ್ನು ಅಂಗಡಿಯವರು ಎರಡು ವರ್ಷ ಕಾಯ್ದಿಡಬೇಕು. ಇಷ್ಟೆಲ್ಲ ಕಟ್ಟುಪಾಡಿಗೆ ಅಂಜಿ ಬಹಳಷ್ಟು ಮೆಡಿಕಲ್ ಶಾಪ್‌ಗಳು ಇಡುವುದೇ ಇಲ್ಲ. ಎಲ್ಲಿ ಸಿಗುತ್ತದೆ ಎಂದು ವೈದ್ಯರಲ್ಲೇ ಕೇಳಿಕೊಂಡು, ಮಾತ್ರೆ ಮುಗಿಯುವ ಒಂದು ವಾರ ಮೊದಲೇ ಹೊರಡುವುದು ಕ್ಷೇಮ. ಮರೆವೇ ತೊಂದರೆಯಾಗಿರುವವರ ಮೇಲೆ ಈ ವ್ಯವಸ್ಥೆ ಹೊರಿಸುವ ಭಾರ ಸಣ್ಣದಲ್ಲ. ಮನೆಯವರೊಬ್ಬರು ಈ ಕೆಲಸಕ್ಕೆ ಹೆಗಲು ಕೊಟ್ಟರೆ ದೊಡ್ಡ ಉಪಕಾರ.

ಅಮೆರಿಕದಲ್ಲಿದ್ದು ಊರಿಗೆ ಮರಳುವ ಕನ್ನಡಿಗರು ಇನ್ನೊಂದು ವಿಷಯ ಗಮನಿಸಬೇಕು. ಅಲ್ಲಿ ಸಾಮಾನ್ಯವಾಗಿ ಬರೆಯುವ ಅಡೆರಾಲ್‌ನಂಥ ಆಂಫೆಟಮಿನ್ ಮಾತ್ರೆಗಳು ಇಲ್ಲಿನ ಮೆಡಿಕಲ್ ಶಾಪ್‌ಗಳಲ್ಲಿ ಸಿಗುವುದಿಲ್ಲ. ಹೊರಡುವ ಮೊದಲೇ ಬದಲಿ ಔಷಧದ ಯೋಜನೆ ಮಾಡಿಕೊಳ್ಳಬೇಕು. ಕೆಲಸಕ್ಕೆಂದು ಗಲ್ಫ್ ದೇಶಗಳಿಗೆ ಹೋಗುವವರು ಮೀಥೈಲ್‌ಫೆನಿಡೇಟ್ ಜೊತೆಯಲ್ಲಿದ್ದರೆ ಆಯಾ ದೇಶದ ಮುಂಗಡ ಅನುಮತಿಯ ನಿಯಮವನ್ನು ತಿಳಿದುಕೊಂಡೇ ವಿಮಾನ ಹತ್ತಬೇಕು.

‘ಇಂಥ ಮಾತ್ರೆ ಚಟ ಹತ್ತಿಸುವುದಿಲ್ಲವೇ?’ ಎಂಬುದು ಮನೆಮಂದಿಯ ಮೊದಲ ಭಯ. ದುರ್ಬಳಕೆಯ ಅಪಾಯ ಇರುವುದರಿಂದಲೇ ಮೇಲಿನ ಕಟ್ಟುಪಾಡುಗಳಿವೆ. ಪರೀಕ್ಷೆಯ ಹಿಂದಿನ ರಾತ್ರಿ ಗೆಳೆಯನಿಂದ ಒಂದು ಮಾತ್ರೆ ಇಸಿದುಕೊಳ್ಳುವುದು ಅಪಾಯಕಾರಿ, ಕಾನೂನಿಗೂ ವಿರುದ್ಧ. ಆದರೆ ಸರಿಯಾದ ನಿರ್ಣಯದ ಮೇಲೆ, ವೈದ್ಯರ ಕಣ್ಗಾವಲಿನಲ್ಲಿ ತೆಗೆದುಕೊಳ್ಳುವವರ ಕಥೆ ಬೇರೆ; ಅವರಿಗೆ ಅದು ದುಡುಕನ್ನು ತಗ್ಗಿಸಲು ನೆರವಾಗುತ್ತದೆ. ಸ್ವೀಡನ್ನಿನಲ್ಲಿ ಎಡಿಎಚ್‌ಡಿ ಇರುವ 25,000ಕ್ಕೂ ಹೆಚ್ಚು ಜನರ ದಾಖಲೆಗಳನ್ನು ಪರಿಶೀಲಿಸಿದ 2012ರ ಅಧ್ಯಯನದಲ್ಲಿ, ಅದೇ ವ್ಯಕ್ತಿಗಳು ಔಷಧ ತೆಗೆದುಕೊಳ್ಳುತ್ತಿದ್ದ ಅವಧಿಯಲ್ಲಿ ಅಪರಾಧ ಪ್ರಮಾಣ ಗಂಡಸರಲ್ಲಿ ಶೇ 32, ಹೆಂಗಸರಲ್ಲಿ ಶೇ 41 ತಗ್ಗಿತ್ತು. ದುಡುಕು ತಗ್ಗಿದರೆ ಬದುಕು ಎಷ್ಟು ಬದಲಾಗಬಹುದು ಎಂಬುದಕ್ಕೆ ಇದೊಂದು ಸೂಚನೆ.

ಮಾತ್ರೆ ಕಲಿಸದ ಕೆಲಸ

ಔಷಧ ಗಮನಕ್ಕೆ ಬಲ ಕೊಡುತ್ತದೆ. ಮೂವತ್ತು ವರ್ಷದಲ್ಲಿ ರೂಢಿಯಾಗದ ಯೋಜನೆ, ಸಮಯಪಾಲನೆಗಳನ್ನು ಅದು ಕಲಿಸುವುದಿಲ್ಲ. ಅದಕ್ಕೆ ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಇದೆ. ವಯಸ್ಕರ ಎಡಿಎಚ್‌ಡಿಗೆಂದೇ ಅದನ್ನು ರೂಪಿಸಿದ ಅಮೆರಿಕದ ಸ್ಟೀವನ್ ಸಾಫ್ರೆನ್ ಮತ್ತು ಸಂಗಡಿಗರು, ಮಾತ್ರೆ ತೆಗೆದುಕೊಂಡೂ ತೊಂದರೆ ಉಳಿದಿದ್ದ 86 ಮಂದಿಯ ಮೇಲೆ ಪರೀಕ್ಷಿಸಿ, ವಿಶ್ರಾಂತಿ ತರಬೇತಿ ಪಡೆದವರಿಗಿಂತ ಸಿಬಿಟಿ ಪಡೆದವರಿಗೆ ಹೆಚ್ಚು ಪ್ರಯೋಜನವಾದದ್ದನ್ನು 2010ರಲ್ಲಿ ತೋರಿಸಿದರು.

ಅಲ್ಲಿ ಕಲಿಸುವುದರ ತಿರುಳು ಸರಳ: ತಲೆಯಲ್ಲಿ ಇಟ್ಟುಕೊಳ್ಳಬೇಕಾದ್ದನ್ನು ಕಣ್ಣೆದುರು ಇಡುವುದು. ಒಂದೇ ಡೈರಿ, ಒಂದೇ ಪಟ್ಟಿ, ಹತ್ತು ಚೀಟಿಗಳಲ್ಲ. ‘ಮನೆ ಸ್ವಚ್ಛ ಮಾಡುವುದು’ ಎಂದು ಬರೆದರೆ ಆ ಕೆಲಸ ಆಗುವುದಿಲ್ಲ, ‘ಸಿಂಕಿನ ಪಾತ್ರೆ ತೊಳೆಯುವುದು, 15 ನಿಮಿಷ’ ಎಂದು ಬರೆದರೆ ಆಗುತ್ತದೆ. ಕರೆಂಟ್ ಬಿಲ್, ಇಎಂಐಗಳನ್ನು ಆಟೊಪೇಗೆ ಹಾಕಿದರೆ ನೆನಪಿಡುವ ಹೊರೆಯೇ ಇಲ್ಲ. ಕೀಲಿಕೈ, ಪರ್ಸ್, ಚಾರ್ಜರ್‌ಗೆ ಬಾಗಿಲ ಪಕ್ಕ ಒಂದು ಬುಟ್ಟಿ. ಬೇಸರದ ಕೆಲಸಕ್ಕೆ ಇನ್ನೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದು, ಅವರು ತಮ್ಮ ಕೆಲಸ ಮಾಡಿಕೊಂಡಿದ್ದರೂ ಸಾಕು. ನಿತ್ಯ ವ್ಯಾಯಾಮ, ಹೊತ್ತಿಗೆ ಸರಿಯಾದ ನಿದ್ದೆ ಇವೂ ನೆರವಾಗುತ್ತವೆ. ಔಷಧದ ಬದಲಿಗೆ ಇವಿಷ್ಟೇ ಸಾಕೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಎಲ್ಲಿಗೆ ಹೋಗಬೇಕು?

ನಿರ್ಣಯ ಮತ್ತು ಔಷಧ ಮನೋವೈದ್ಯರ ಕೆಲಸ. ಸಿಬಿಟಿ ಮತ್ತು ಪರೀಕ್ಷೆಗಳಿಗೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ವೈದ್ಯಕೀಯ ಕಾಲೇಜುಗಳ ಮನೋವೈದ್ಯಕೀಯ ವಿಭಾಗಗಳು, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರು ಸರ್ಕಾರಿ ವ್ಯವಸ್ಥೆಯೊಳಗೇ ಸಿಗುತ್ತಾರೆ. ಅಪಾಯಿಂಟ್‌ಮೆಂಟ್ ಪಡೆಯುವಾಗ ‘ದೊಡ್ಡವರ ಎಡಿಎಚ್‌ಡಿ ನೋಡುತ್ತೀರಾ?’ ಎಂದು ಕೇಳಿಕೊಳ್ಳಿ. ಮಕ್ಕಳಲ್ಲಿ ಮಾತ್ರ ನೋಡಿ ರೂಢಿಯಿರುವ ವೈದ್ಯರು ಇನ್ನೂ ಇದ್ದಾರೆ. ಐದೇ ನಿಮಿಷದಲ್ಲಿ ‘ಹೌದು’ ಎಂದರೂ ‘ಇಲ್ಲ’ ಎಂದರೂ ಎರಡನೆಯ ಅಭಿಪ್ರಾಯ ಪಡೆಯುವುದು ಒಳ್ಳೆಯದು.

2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ವಿಮಾ ಕಂಪನಿಗಳು ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ರಕ್ಷಣೆ ಕೊಡಬೇಕು. ಆಸ್ಪತ್ರೆಗೆ ದಾಖಲಾಗದೆ ಪಡೆಯುವ ಸಲಹೆ, ಮಾತ್ರೆಗಳ ಖರ್ಚು ಸೇರಿದೆಯೇ ಎಂಬುದನ್ನು ಮಾತ್ರ ಅವರವರ ಪಾಲಿಸಿಯಲ್ಲಿ ನೋಡಿಕೊಳ್ಳಬೇಕು. ಅದೇ ಕಾಯ್ದೆ ರೋಗಿಯ ಮಾಹಿತಿಯನ್ನು ಗುಟ್ಟಾಗಿಡುವ ಹಕ್ಕನ್ನೂ ಕೊಡುತ್ತದೆ. ಕಚೇರಿಯಲ್ಲಿ ಹೇಳಬೇಕೋ ಬೇಡವೋ ಎಂಬುದು ರೋಗಿಯ ಆಯ್ಕೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವರ್ಗಗಳಲ್ಲಿ ಎಡಿಎಚ್‌ಡಿಗೆ ಪ್ರತ್ಯೇಕ ಜಾಗವಿಲ್ಲ, ಇರಬೇಕಿತ್ತು.

ಹತ್ತಿರದಲ್ಲಿ ಮನೋವೈದ್ಯರು ಯಾರಿದ್ದಾರೆ ಎಂದು ತಿಳಿಯದವರು 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮಾನಸ್ ಸಹಾಯವಾಣಿ ಅದು, ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಒಂದೇ ಕರೆಯಲ್ಲಿ ಎಡಿಎಚ್‌ಡಿ ಖಚಿತವಾಗುವುದಿಲ್ಲ, ಆದರೆ ಎಲ್ಲಿಗೆ ಹೋಗಬೇಕೆಂಬ ದಾರಿ ಸಿಗುತ್ತದೆ. ದಿನಾಂಕ ಗೊತ್ತಾದ ಕೂಡಲೇ ಮೊಬೈಲಿನಲ್ಲಿ ಎರಡು ಅಲಾರಂ ಇಟ್ಟುಕೊಳ್ಳಿ, ಒಂದು ಹಿಂದಿನ ಸಂಜೆಗೆ, ಇನ್ನೊಂದು ಮನೆಯಿಂದ ಹೊರಡುವ ಹೊತ್ತಿಗೆ.